ಮುಂದಿನ ನಿಲ್ದಾಣದವರೆಗೆ

ಆ ಮನೆಯಲ್ಲಿ ಎರಡು ಟೇಪುಗಳಿದ್ದವು. ಒಂದು, ಅತ್ತೆಯ ಕುತ್ತಿಗೆಯಲ್ಲಿ ಸದಾ ನೇತಾಡುವ ಅಳತೆ ಟೇಪು. ಇನ್ನೊಂದು, ಅತ್ತೆಯ ಅಣ್ಣನ ಮಗ. ಯಾರ ದನಿ ಕಿವಿಗೆ ಬಿದ್ದರೂ ಮರುಗಳಿಗೆಯಲ್ಲೇ ಅದನ್ನು ಕೆಮ್ಮು ಸಮೇತ ಒಪ್ಪಿಸುತ್ತಿದ್ದುದರಿಂದ ಚಿಕ್ಕಂದಿನಲ್ಲಿ ಅಂಟಿಕೊಂಡ ಹೆಸರು ಅದು. ಮೀಸೆ ಬಂದು, ಕೆಲಸ ಸಿಕ್ಕಿ, ಮುಂದಲೆಯ ಕೂದಲು ತೆಳ್ಳಗಾದ ಮೇಲೂ ಬಿಟ್ಟಿರಲಿಲ್ಲ. ಮೊದಲನೇ ಟೇಪು ಜನರ ಅಳತೆ ತೆಗೆದರೆ ಎರಡನೇದು ಜನರ ಮಾನ ತೆಗೆಯುತ್ತದೆ ಎಂದು ಮಾವ ಹೇಳುವುದಿತ್ತು.

ಮಾವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿವೃತ್ತಿ ಅವರಿಗೆ ಮಾತ್ರ, ಅವರ ದನಿ ಇನ್ನೂ ಡ್ಯೂಟಿಯಲ್ಲೇ ಇತ್ತು. ಉಪ್ಪು ಕೇಳಿದರೂ ಬೋಗಿಯ ಆ ತುದಿಗೆ ಮುಟ್ಟುವ ಹಾಗೆ ಕೇಳುತ್ತಿದ್ದರು. ಮೊದಲು ಗಂಟಲಿನಲ್ಲಿ ಗರಗಸ ಎಳೆದಂಥ ಒಂದು ಕೆಮ್ಮು, ಆಮೇಲೆ ಮಾತು.

ಮನೆಯ ಮುಂದಿನ ಕೋಣೆಯೇ ಅತ್ತೆಯ ಹೊಲಿಗೆ ಅಂಗಡಿ. ಕಿಟಕಿಯ ಕೆಳಗೆ ಯಂತ್ರ, ಅದರ ಪಕ್ಕ ಸುಟ್ಟ ಕಲೆಗಳಿದ್ದ ಇಸ್ತ್ರಿ ಮೇಜು, ಮೂಲೆಯಲ್ಲಿ ತೊಟ್ಟು ನೋಡುವವರಿಗಾಗಿ ಒಂದು ಪರದೆ. ಹೊಲಿಯಬೇಕಾದ ಬಟ್ಟೆಗಳ ಗಂಟುಗಳ ಹಿಂದೆ, ಧೂಳು ಬೀಳದ ಹಾಗೆ ಅತ್ತೆಯೇ ಕವಚ ಹೊಲಿದು ಹಾಕಿದ್ದ ಕಂಪ್ಯೂಟರು. ಕೊನೆಯ ಗಿರಾಕಿ ಹೋದ ಮೇಲೆ ಕವಚ ತೆಗೆದು ಅತ್ತೆ ‘ಹಳಿ’ ಆಡುತ್ತಿದ್ದರು.

‘ಹಳಿ’ ಟೇಪುವಿನ ಕಂಪನಿ ಮಾಡಿದ ಆಟ. ಖಾಲಿ ಗುಡ್ಡಬಯಲು ಕೊಡುತ್ತಾರೆ. ಅದರಲ್ಲಿ ಹಳಿ ಹಾಸಿ, ನಿಲ್ದಾಣ ಕಟ್ಟಿ, ರೈಲು ಓಡಿಸಬೇಕು. ಟೇಪು ಅಲ್ಲಿ ಸದ್ದಿನ ಕೆಲಸದವನು. ಚಕ್ರದ ಸದ್ದು, ಸೀಟಿ, ಜನರ ಗುಜುಗುಜು ಎಲ್ಲವೂ ಅವನದೇ. ಒಂದು ಪ್ರತಿ ಬಿಟ್ಟಿಯಾಗಿ ತರುತ್ತೇನೆಂದಾಗ ಅತ್ತೆ ಒಪ್ಪಿರಲಿಲ್ಲ.

“ನೆಂಟರು ಅಂತ ಪುಕ್ಕಟೆ ಹೊಲಿಸ್ಕೊಂಡು ಹೋಗೋರನ್ನ ಸಾಕಷ್ಟು ನೋಡಿದೀನಿ. ಆ ಪೈಕಿಗೆ ನನ್ನನ್ನ ಸೇರಿಸ್ಬೇಡ.”

ಹೀಗೆ ಪೂರ್ತಿ ಬೆಲೆ ಕೊಟ್ಟು ಕೊಂಡ ಆಟದಲ್ಲಿ ಅತ್ತೆ ಕೆಲವು ವರ್ಷಗಳಿಂದ ಒಂದೇ ಮಾರ್ಗವನ್ನು ಕಟ್ಟುತ್ತ ಬಂದಿದ್ದರು. ಸೂಜಿಕಲ್ಲಿನಿಂದ ಹೊರಟು ಗುಂಡಿಪೇಟೆ, ಕಾಜಾಪುರ ದಾಟಿ, ಉದ್ದನೆಯ ಸೇತುವೆಯ ಮೇಲೆ ಹಾದು, ಗುಡ್ಡದ ತಲೆಯ ಮೇಲಿನ ದಾರದೂರಿಗೆ ಮುಟ್ಟುವ ಮಾರ್ಗ. ದಾರದೂರಿನಲ್ಲಿ ಒಂದು ಬೆಂಚಿತ್ತು. ಅದನ್ನು ಎಲ್ಲಿಡಬೇಕೆಂದು ತೀರ್ಮಾನಿಸಲು ಅತ್ತೆಗೆ ಒಂದಿಡೀ ಭಾನುವಾರ ಹಿಡಿದಿತ್ತು. ಬದುಕಿನಲ್ಲಿ ಹೊಲಿದದ್ದೆಲ್ಲ ಬೇರೆಯವರ ಅಳತೆಗೆ. ಇದೊಂದು ಮಾತ್ರ ಅವರದೇ ಅಳತೆಯದು. ಮಾವ ಯಾರಾದರೂ ಬಂದಾಗ, “ನಮ್ಮವಳು ಹಳಿ ಹತ್ತಿದಾಳೆ, ಕಾಫಿ ನಾನೇ ಮಾಡ್ಬೇಕು” ಎನ್ನುತ್ತ ಎದ್ದು ಹೋಗುತ್ತಿದ್ದರು.

ಆ ಕಂಪ್ಯೂಟರು ಒಂದು ದಿನ ಕೆಟ್ಟಿತು. ಟೇಪು ಬಂದು ಬಿಚ್ಚಿ ನೋಡಿ, ಮದರ್‌ಬೋರ್ಡ್ ಹೋಗಿದೆ ಎಂದು ಹೊಸದು ಹಾಕಿಕೊಟ್ಟ. ಮರುದಿನ ಸಂಜೆ ಅತ್ತೆಯ ರೈಲು ಸೇತುವೆಯ ನಡುವೆ ಇದ್ದಾಗ ಗರಗಸ ಎಳೆದಂಥ ಕೆಮ್ಮು ಕೇಳಿಸಿತು.

“ಏನ್ರೀ?” ಎಂದರು ಅತ್ತೆ, ತಿರುಗದೆ.

“ಎಲ್ಲಿ, ಟಿಕೆಟ್ಟು? ಇಲ್ವಾ? ಹಾಗಾದ್ರೆ ಇಳ್ಕೊಳ್ಳಿ. ಗಾಡಿ ನಿಮ್ಮ ತಾತಂದಲ್ಲ.”

“ಇದೇನ್ರೀ ತಮಾಷೆ, ಇಷ್ಟು ಹೊತ್ತಲ್ಲಿ?”

ಒಳಕೋಣೆಯಿಂದ ಮಾವ ಪೇಪರು ಹಿಡಿದುಕೊಂಡೇ ಬಂದರು. “ನಾನು ಬಾಯೇ ಬಿಡ್ಲಿಲ್ಲ ಕಣೇ.”

ಮಾವ ಬಾಗಿಲಲ್ಲಿ ಬಾಯಿ ಮುಚ್ಚಿ ನಿಂತಿದ್ದ ಹಾಗೆಯೇ ಮಾವನ ದನಿ ಮತ್ತೆ ಹೊರಟಿತು. ಈ ಸಲ ಇಬ್ಬರೂ ಕಂಪ್ಯೂಟರಿನ ಪರದೆ ನೋಡಿದರು. ಕಪ್ಪು ಕೋಟಿನ ಗೊಂಬೆಯೊಂದು ಬೋಗಿ ಹತ್ತಿ, ಜನರನ್ನು ಒಬ್ಬೊಬ್ಬರಾಗಿ ಸೇತುವೆಯ ಮೇಲೆ ಇಳಿಸುತ್ತಿತ್ತು. ಗಂಟುಮೂಟೆ ಹೊತ್ತ ಪುಟ್ಟ ಗೊಂಬೆಗಳು ಕಂಬಿ ಹಿಡಿದು ಸಾಲಾಗಿ ನಿಂತವು. ಕಾಜಾಪುರದ ದೀಪಗಳು ಆರಿದವು. ಕೆಳಗೆ ಅಕ್ಷರಗಳು ಮೂಡಿದವು: ಕದ್ದ ಪ್ರತಿಯಲ್ಲಿ ಪ್ರಯಾಣಿಸುತ್ತಿದ್ದೀರಿ.

ಮಾವ ಅದನ್ನು ಎರಡು ಸಲ ಓದಿದರು. “ನನ್ನ ಬಾಯಲ್ಲಿ ನನ್ನ ಹೆಂಡ್ತೀನ ಕಳ್ಳಿ ಅನ್ನಿಸಿದ ಪುಣ್ಯಾತ್ಮ ಯಾರು ಅಂತ ಕೇಳೋ ಅಗತ್ಯ ಇಲ್ಲ ಅನ್ಸುತ್ತೆ. ಫೋನ್ ಮಾಡು ಅವನಿಗೆ.”

ಟೇಪು ಬಂದವನು ಬಾಗಿಲಲ್ಲೇ ಚಪ್ಪಲಿ ಬಿಡಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಆಮೇಲೆ ವಿವರಿಸಿದ. ಆಟವನ್ನು ಕೊಂಡಾಗ ಅದು ಆ ಕಂಪ್ಯೂಟರಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಕಂಡರೆ ನಕಲು ಎಂದು ತಿಳಿಯುತ್ತದೆ. ಕೂಡಲೇ ನಿಲ್ಲುವುದಿಲ್ಲ. ಕಳ್ಳನಿಗೆ ಬುದ್ಧಿ ಬರಲೆಂದು ತಪಾಸಣೆಗಾರನೊಬ್ಬ ಬಂದು, ಆಡಿದ ಒಂದೊಂದು ಸಲಕ್ಕೂ ಒಂದೊಂದು ನಿಲ್ದಾಣ ಮುಚ್ಚುತ್ತ ಹೋಗುತ್ತಾನೆ. ಕೊನೆಗೆ ಖಾಲಿ ಗುಡ್ಡಬಯಲು ಉಳಿಯುತ್ತದೆ.

“ಬೇರೆ ಕಂಪ್ಯೂಟರ್ ಎಲ್ಲಿಂದ ಬಂತೋ? ಇದು ಅದೇ ಅಲ್ವಾ?”

“ಮದರ್‌ಬೋರ್ಡ್ ಬದಲಾಯ್ತಲ್ಲ ಅತ್ತೆ. ತಾಯಿ ಬದಲಾದ್ರೆ ಮಗು ಯಾರದ್ದು ಅಂತ ಅದು ಕೇಳುತ್ತೆ.”

“ಮತ್ತೆ ನಿಮ್ಮ ಮಾವ ಯಾಕೆ ಆಟದ ಒಳಗೆ ಹೋಗಿ ಕೂತಿದಾರೆ?”

ಟೇಪು ಇಸ್ತ್ರಿ ಮೇಜಿನ ಸುಟ್ಟ ಕಲೆಯೊಂದನ್ನು ಬೆರಳಿನಿಂದ ಉಜ್ಜಿದ. “ದುಡ್ಡು ಕೊಟ್ಟು ಕೊಂಡವರಿಗೆ ಆ ದನಿ ಕೇಳಿಸೋದೇ ಇಲ್ಲ. ಅಂದ್ಮೇಲೆ ಈ ಮನೇಲಿ ಯಾರಿಗೆ ಗೊತ್ತಾಗ್ಬೇಕು ಅಂತ…”

ಕೊಂಡ ರಸೀದಿ ಅತ್ತೆಯ ಬಳಿ ಇತ್ತು. ಅದನ್ನು ಕಂಪನಿಗೆ ಕಳಿಸಿದರೆ, ‘ನಿಮ್ಮ ತಾಳ್ಮೆಗೆ ಧನ್ಯವಾದ’ ಎಂಬ ಉತ್ತರ ಮಾತ್ರ ಕ್ಷಣದಲ್ಲಿ ಬಂತು. ಸರಿಹೋಗಿರಬಹುದೇ ಎಂದು ಅತ್ತೆ ಮತ್ತೊಮ್ಮೆ ತೆರೆದು ನೋಡಿದಾಗ ಗುಂಡಿಪೇಟೆಯೂ ಕತ್ತಲಾಯಿತು. ಆಮೇಲೆ ಅವರು ಕಂಪ್ಯೂಟರಿನ ಕವಚ ತೆಗೆಯಲಿಲ್ಲ. ಸಂಜೆ ಕೆಲಸ ಮುಗಿದ ಮೇಲೂ ಯಂತ್ರದ ಮುಂದೆ ಕೂತು, ಯಾರೂ ಕೇಳದ ತುಂಡುಬಟ್ಟೆಗಳಿಗೆ ಅಂಚು ಹೊಲಿಯುತ್ತಿದ್ದರು. ಮಾವನಿಗೆ ಅದನ್ನು ನೋಡಲಾಗಲಿಲ್ಲ.

“ಒಂದು ದಾರಿ ಇದೆ,” ಎಂದ ಒಂದು ಸಂಜೆ ಬಂದ ಟೇಪು, ಮೆಲ್ಲಗೆ. “ಬೀಗ ಮುರಿದ ಪ್ರತಿ ಹೊರಗೆ ಸಿಗುತ್ತೆ. ಅದರಲ್ಲಿ ತಪಾಸಣೆಗಾರನನ್ನೇ ಕಿತ್ತು ಹಾಕಿರ್ತಾರೆ. ಒಂದೂ ತೊಂದರೆ ಇಲ್ಲದೆ ಓಡುತ್ತೆ.”

“ಅಂದ್ರೆ ಟಿಕೆಟ್ ಇಲ್ಲದೋರಿಗೆ ಕಿಟಕಿ ಪಕ್ಕದ ಸೀಟು, ಇದ್ದೋರು ಸೇತುವೆ ಮೇಲೆ,” ಎಂದರು ಮಾವ.

“ಇಲ್ಲಾಂದ್ರೆ ನಾನೇ ಆಫೀಸಲ್ಲಿ ಹೇಳಿ, ನಮ್ಮ ಅತ್ತೆ ಅಂತ ಬೀಗ ತೆಗೆಸಿ…”

“ಅತ್ತೆ ಅಂತ ತೆಗೆಸ್ಬೇಡ ಕಣೋ,” ಎಂದರು ಅತ್ತೆ, ಬಾಯಲ್ಲಿದ್ದ ದಾರ ಕಡಿದು. “ಕೊಂಡವಳು ಅಂತ ತೆಗೀಲಿ. ಅತ್ತೆ ಇಲ್ಲದೋರು ಏನ್ಮಾಡ್ಬೇಕು?”

ಹಾಗಾಗಿ ಮರುದಿನ ಅತ್ತೆ ಮಾವ ಇಬ್ಬರೂ ಟೇಪುವಿನ ಆಫೀಸಿಗೆ ಹೊರಟರು.

ಕನ್ನಡಕದ ಅಂಗಡಿಯ ಮೇಲಿನ ಮಹಡಿ ಅದು. ಮೇಜುಗಳ ನಡುವೆ ವೈರುಗಳು ಬಳ್ಳಿಯಂತೆ ಹರಡಿದ್ದವು. ನಕಲು ತಡೆಯುವ ಆ ಬೀಗವನ್ನು ಆಟದಲ್ಲಿ ಬರೆದವಳು ಕಂಪನಿಯ ಪಾಲುದಾರಳೂ ಹೌದು. ಅತ್ತೆಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವಳು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಆಫೀಸಿನಲ್ಲಿ ಎಲ್ಲರೂ ಅವಳನ್ನು ಬೀಗಿತಿ ಎನ್ನುತ್ತಿದ್ದರು. ಆ ಹೆಸರು ಇಟ್ಟವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

“ಇವನಿಗಿನ್ನೂ ಮದುವೇನೇ ಆಗಿಲ್ಲ, ಆಗ್ಲೇ ನಮಗೆ ಬೀಗಿತಿ ಸಿಕ್ಕಿಬಿಟ್ರು,” ಎಂದು ಅತ್ತೆ ಕುರ್ಚಿ ಎಳೆದುಕೊಂಡರು.

ಬೀಗಿತಿ ನಕ್ಕಳು. ಆದರೆ ಸೋಲುವ ನಗೆಯಲ್ಲ ಅದು. “ನಿಮ್ಮ ತೊಂದರೆ ಅರ್ಥ ಆಗುತ್ತೆ ಅಮ್ಮ. ಆದರೆ ಆ ಮೂಲೆ ನೋಡಿ. ಅಲ್ಲಿ ಮೊದಲು ನಮ್ಮ ಚಿತ್ರ ಬರೆಯೋರು ಕೂರ್ತಿದ್ರು. ಈಗ ಕುಂಡ ಕೂತಿದೆ. ಹಿಂದಿನ ಆಟ ಬಂದ ವಾರದಲ್ಲೇ ಕದ್ದ ಪ್ರತಿ ಎಲ್ಲ ಕಡೆ ಹರಡಿತು, ಅವರಿಗೆ ಸಂಬಳ ಕೊಡೋಕಾಗ್ಲಿಲ್ಲ. ಅದಕ್ಕೇ ಬೀಗ ಗಟ್ಟಿ ಮಾಡಿದೆ. ಮತ್ತೆ, ನೀವು ಒಪ್ಪಿಗೆ ಅಂತ ಒತ್ತಿದ ಷರತ್ತಲ್ಲೂ ಬರೆದಿದೆ. ನಾವು ಆಟ ಮಾರಿಲ್ಲ. ಆಡೋಕೆ ಪರವಾನಗಿ ಕೊಟ್ಟಿದೀವಿ, ಅಷ್ಟೆ.”

“ಹೌದಾ?” ಎಂದರು ಅತ್ತೆ. “ನಾನು ಒಬ್ರಿಗೆ ಕೋಟು ಹೊಲಿದು ಕೊಟ್ಟೆ ಅಂತಿಟ್ಕೊಳ್ಳಿ. ಕೋಟು ನಿಮ್ಮದಲ್ಲ, ತೊಟ್ಕೊಳ್ಳೋಕೆ ಒಪ್ಪಿಗೆ ಅಷ್ಟೆ ಅಂತ ಒಳಜೇಬಲ್ಲಿ ಸಣ್ಣ ಚೀಟಿ ಹೊಲಿದಿಟ್ಟೆ. ಅವರು ತೆಳ್ಳಗಾದ್ರು. ನೀವು ಆ ಮನುಷ್ಯ ಅಲ್ಲ ಅಂತ ನಾನು ನಡುಬೀದೀಲಿ ಹಿಡಿದು ದಿನಕ್ಕೊಂದು ಗುಂಡಿ ಕಿತ್ಕೊಂಡ್ರೆ, ನಾಳೆ ನನ್ನ ಹತ್ರ ಯಾರು ಬಟ್ಟೆ ಕೊಡ್ತಾರೆ?”

ಟೇಪು ನಗು ತಡೆಯಲು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದ. ಮಾವ ಕೆಮ್ಮಿದರು. ಆ ಕೆಮ್ಮಿಗೆ ಇಡೀ ಕೋಣೆ ತಲೆಯೆತ್ತಿತು. ಬೀಗಿತಿ ಒಮ್ಮೆ ಅವರನ್ನು, ಒಮ್ಮೆ ಟೇಪುವನ್ನು ನೋಡಿದಳು.

“ಹೌದಮ್ಮ, ಆ ಕರಿ ಕೋಟಿನೋನು ನಾನೇ,” ಎಂದರು ಮಾವ. “ಆದ್ರೆ ಅವನು ಮಾಡ್ತಿರೋದು ತಪ್ಪು. ಎರಡು ನಿಲ್ದಾಣದ ನಡುವೆ ಯಾರನ್ನೂ ಇಳಿಸಬಾರದು.”

“ಟಿಕೆಟ್ ಇಲ್ಲದಿದ್ರೂ?”

“ಇಲ್ಲದಿದ್ರೂ. ಕೂತ್ಕೊಳ್ಳಿ, ಮುಂದಿನ ನಿಲ್ದಾಣದಲ್ಲಿ ನೋಡೋಣ ಅಂತಿದ್ದೆ. ಅಲ್ಲಿ ಬೆಳಕಿರುತ್ತೆ, ನೀರಿರುತ್ತೆ, ಮಾತಾಡೋಕೆ ಸ್ಟೇಷನ್ ಮಾಸ್ಟರ್ ಇರ್ತಾರೆ.”

“ಟಿಕೆಟ್ ಕಳೆದುಹೋಯ್ತು ಅಂತ ಕಳ್ಳರೂ ಹೇಳ್ತಾರಲ್ಲ ಸರ್.”

“ಹೇಳ್ತಾರೆ. ಮುಖ ನೋಡಿದ್ರೆ ಗೊತ್ತಾಗುತ್ತೆ ಅಂತ ಶುರುವಿನಲ್ಲಿ ನಾನೂ ಅಂದ್ಕೊಂಡಿದ್ದೆ. ಗೊತ್ತಾಗಲ್ಲಮ್ಮ. ಅದಕ್ಕೇ ಕೂರಿಸ್ತಿದ್ದೆ.”

“ಹಾಗಾದ್ರೆ ಕಳ್ಳ ಒಂದು ನಿಲ್ದಾಣ ಪುಕ್ಕಟೆ ಬಂದ ಹಾಗಾಯ್ತು.”

“ಬಂದ. ಅಷ್ಟಕ್ಕೆ ರೈಲು ನಿಂತುಹೋಗ್ಲಿಲ್ಲ.”

ಟೇಪು ತಲೆ ಹೊರಗೆ ಹಾಕಿದ. “ಆದ್ರೆ ಮಾವ, ನೀವು ಇಳ್ಕೊಳ್ಳಿ ಅಂತ ಗದರಿಸ್ತಿದ್ದದ್ದು ನಾನೇ ಕೇಳಿದೀನಿ. ನಿಮ್ಮನ್ನ ಕರ್ಕೊಂಡು ಬರೋಕೆ ಅಂತ ನಿಲ್ದಾಣಕ್ಕೆ ಬಂದಾಗೆಲ್ಲ.”

“ನೀನು ಪ್ಲಾಟ್‌ಫಾರ್ಮಲ್ಲಿ ನಿಂತು ಕೇಳಿದ್ದು ಕಣೋ. ನಿಲ್ದಾಣ ಬಂದ ಮೇಲೆ ಇಳೀರಿ ಅಂತ ಗದರಲೇಬೇಕು, ಇಲ್ಲಾಂದ್ರೆ ಇಳಿಯಲ್ಲ. ಅದಕ್ಕೆ ಮುಂಚೆ ಒಳಗೆ ಏನು ಹೇಳಿದ್ದೆ ಅಂತ ನಿನಗೆಲ್ಲಿ ಕೇಳಿಸ್ಬೇಕು?”

ಟೇಪು ತಲೆಯನ್ನು ಮತ್ತೆ ಕಂಪ್ಯೂಟರಿನ ಹಿಂದಕ್ಕೆ ಎಳೆದುಕೊಂಡ.

ಬೀಗಿತಿ ಅತ್ತೆಯ ರಸೀದಿಯನ್ನು ತಿರುಗಿಸಿ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, “ತಾಳ್ಮೆಗೆ ಧನ್ಯವಾದ ಅಂತ ಉತ್ತರ ಬಂದಿರ್ಬೇಕಲ್ಲ ನಿಮಗೆ?” ಎಂದಳು.

“ಬಂತು. ಇಲ್ಲದ ತಾಳ್ಮೆಗೆ ಧನ್ಯವಾದ ಹೇಳಿದ್ರು.”

“ನೀವು ಕಳಿಸಿದ್ದನ್ನ ಓದೋಕೆ ಅಂತ ನಮ್ಮಲ್ಲಿ ಜನಾನೇ ಇಲ್ಲ. ಮುಂದಿನ ನಿಲ್ದಾಣ ಅನ್ನೋದನ್ನ ನಾನು ಕಟ್ಟಿಯೇ ಇಲ್ಲ.” ಅವಳು ಎದ್ದು ನಿಂತಳು. “ಬೀಗ ತೆಗೆಯಲ್ಲ ಸರ್, ಅದು ಬೇಕು. ಆದರೆ ಬಾಗಿಲಿಗೆ ಒಂದು ಕರೆಗಂಟೆ ಹಾಕ್ತೀನಿ. ಸ್ವಲ್ಪ ದಿನ ಕೊಡಿ. ಅಲ್ಲೀವರೆಗೆ ಆಟ ತೆರೀಬೇಡಿ ಅಮ್ಮ. ಮುಚ್ಚಿದ ನಿಲ್ದಾಣ ಅಳಿಸಿ ಹೋಗಿರಲ್ಲ, ದೀಪ ಆರಿರುತ್ತೆ, ಅಷ್ಟೆ.”

ಅತ್ತೆಯ ಭುಜ ಆಗ ಸ್ವಲ್ಪ ಕೆಳಗಿಳಿಯಿತು.

ಬೀಗಿತಿ ಬರೆದ ಹೊಸ ಏರ್ಪಾಟು ಹೀಗಿತ್ತು: ಸಂಶಯ ಬಂದರೆ ತಪಾಸಣೆಗಾರ ಬೋಗಿ ಹತ್ತುತ್ತಾನೆ, ಯಾರನ್ನೂ ಇಳಿಸುವುದಿಲ್ಲ, ಯಾವ ದೀಪವನ್ನೂ ಆರಿಸುವುದಿಲ್ಲ. ರೈಲು ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿ ರಸೀದಿ ತೋರಿಸಬಹುದು, ಕಂಪನಿಯ ಮನುಷ್ಯರೊಬ್ಬರೊಡನೆ ಮಾತಾಡಬಹುದು. ತೋರಿಸಲಾಗದವರು ಅಲ್ಲಿಂದ ಮುಂದೆ ಹೋಗುವ ಹಾಗಿಲ್ಲ. ಕಟ್ಟಿದ್ದು ಮಾತ್ರ ಕಟ್ಟಿದ ಹಾಗೆಯೇ ಇರುತ್ತದೆ.

ಉಳಿದದ್ದು ಒಂದು ಮಾತು, ಅದನ್ನು ಹೇಳುವ ದನಿ. ಟೇಪು ಸದ್ದಿನ ಕೋಣೆಗೆ ಹೋಗಿ ಮಾವನ ಕೆಮ್ಮು ಕೆಮ್ಮಿ, “ಕೂತ್ಕೊಳ್ಳಿ, ಮುಂದಿನ ನಿಲ್ದಾಣದಲ್ಲಿ ನೋಡೋಣ” ಎಂದ. ಗಾಜಿನ ಆಚೆ ಬೀಗಿತಿ ಅಡ್ಡಡ್ಡ ತಲೆಯಾಡಿಸಿದಳು. ಹಿಡಿದು ಜೈಲಿಗೆ ಕಳಿಸುವ ಹಾಗಿತ್ತು. ಮೆತ್ತಗೆ ಹೇಳಿದ, ವಿಮೆ ಮಾರುವವನ ಹಾಗಾಯಿತು. ಇನ್ನೂ ಮೆತ್ತಗೆ ಹೇಳಿದಾಗ ಹಲ್ಲಿನ ಡಾಕ್ಟರು ಬಂದರು. ಕೇಳದ ದನಿಯನ್ನು ಒಪ್ಪಿಸುವುದು ಟೇಪಿಗೆ ಸಾಧ್ಯವಿರಲಿಲ್ಲ.

ಕೊನೆಗೆ ಮಾವನನ್ನೇ ಕರೆಸಿದರು. ಜೊತೆಗೆ ಬಂದ ಅತ್ತೆ, ಗೋಡೆಗೆ ಹೊಡೆದಿದ್ದ ದಪ್ಪ ಬಟ್ಟೆಯ ಹೊಲಿಗೆ ಬಿಟ್ಟಿರುವುದನ್ನು ಗಮನಿಸಿ, ಕೈಚೀಲದಿಂದ ಸೂಜಿ ತೆಗೆದು ಸರಿಮಾಡತೊಡಗಿದರು. ಮಾವ ಮೈಕಿನ ಮುಂದೆ ನಿಂತರು. ಕೆಮ್ಮಲಿಲ್ಲ. ತೂಗುವ ಬೋಗಿಯಲ್ಲಿ ನಿಂತವರಂತೆ ಕಾಲನ್ನು ಅಗಲಿಸಿ, ಎದುರಿಗೆ ಯಾರೋ ಜೇಬು ತಡಕಾಡುತ್ತಿದ್ದಾರೆಂಬಂತೆ ಸ್ವಲ್ಪ ಬಾಗಿದರು.

“ಇರ್ಲಿ, ನಿಧಾನಕ್ಕೆ ಹುಡುಕಿ. ಕೂತ್ಕೊಳ್ಳಿ. ಮುಂದಿನ ನಿಲ್ದಾಣದಲ್ಲಿ ನೋಡೋಣ.”

ಅತ್ತೆಯ ಸೂಜಿ ಬಟ್ಟೆಯಲ್ಲೇ ನಿಂತಿತು.

ವಾರ ಕಳೆದ ಮೇಲೆ ಅಂಗಡಿಯ ಕೋಣೆಯಲ್ಲಿ ಟೇಪು ಹೊಸ ಆವೃತ್ತಿಯನ್ನು ಹಾಕಿದ. ಹಾಕುವಾಗಲೇ ಆಟ ರಸೀದಿ ಕೇಳಿತು, ಅತ್ತೆ ತೋರಿಸಿದರು. ಗುಂಡಿಪೇಟೆ ಬೆಳಗಿತು, ಆಮೇಲೆ ಕಾಜಾಪುರ. ಸೇತುವೆಯ ಮೇಲೆ ಇಷ್ಟು ದಿನ ನಿಂತೇ ಇದ್ದ ಗೊಂಬೆಗಳು ಗಂಟುಮೂಟೆ ಎತ್ತಿಕೊಂಡು ಬೋಗಿ ಹತ್ತಿದವು. ರೈಲು ಗುಡ್ಡ ಏರಿ ದಾರದೂರಿನ ಬೆಂಚಿನ ಎದುರು ನಿಂತಿತು.

ಒಳಕೋಣೆಯಲ್ಲಿ ಮಾವ ಕಾಫಿಗೆ ಸಕ್ಕರೆ ಎಲ್ಲಿ ಎಂದು ಬೋಗಿಯ ಆ ತುದಿಗೆ ಕೇಳುವ ಹಾಗೆ ಕೇಳುತ್ತಿದ್ದರು. ಅತ್ತೆ ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಇನ್ನೊಂದು ಟೇಪುವಿನ ಕಡೆ ವಾಲಿದರು.

“ಲೋ, ಇನ್ನು ಆ ತಪಾಸಣೆಗಾರ ಬರೋದೇ ಇಲ್ವಾ?”

“ಯಾಕೆ ಬರ್ತಾನೆ ಅತ್ತೆ? ನಿಮ್ಮದು ಸರಿಯಾದ ಪ್ರತಿ. ನಿಮಗೆ ಆ ದನಿ ಯಾವತ್ತೂ ಕೇಳಿಸಲ್ಲ.”

ಅತ್ತೆ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಆ ಹಳೇ ಮದರ್‌ಬೋರ್ಡ್ ಬಿಸಾಕಿದ್ಯೋ, ಇಟ್ಟಿದೀಯೋ? ರಿಪೇರಿ ಮಾಡಿ ಮತ್ತೆ ಹಾಕೋಕಾಗುತ್ತಾ?”