ರಾಜನ ಕುದುರೆ ಜಿಗಿತ

ಎದುರು ಕೂತವನು ನನ್ನ ಒಡಹುಟ್ಟಿದ ಅಣ್ಣ. ಚೆಸ್ ಟೂರ್ನಿಯಲ್ಲಿ ಜೋಡಿ ಹಾಕಿದವರಿಗೆ ಅದು ಗೊತ್ತಿರಲಿಲ್ಲ. ಅವನು ಇನ್ನೊಂದು ಕ್ಲಬ್ಬಿನವನು, ದರ್ಜಿ. ನಾನು ದೂರದೂರಿಗೆ ಬಸ್ ಓಡಿಸುವವನು. ಅಪ್ಪನ ಕಾಯಿಲೆಯನ್ನು ಅವನು ನನ್ನಿಂದ ಮುಚ್ಚಿಟ್ಟ. ಸಾವಿನ ಸುದ್ದಿ ಕೊಟ್ಟದ್ದೂ ಎಲ್ಲ ಮುಗಿದ ಮೇಲೆ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ, ಕತೆಯಿಲ್ಲ. ಕೊನೆಗಾಲದಲ್ಲಿ ಅಪ್ಪ ನನ್ನನ್ನು ಕೇಳಿದರೇ ಎಂಬುದೊಂದೇ ನನಗೆ ಬೇಕಿತ್ತು. ಹಾಳು ಹಟ, ಬಾಯಿಬಿಟ್ಟು ಕೇಳಿರಲಿಲ್ಲ.

ನಿಯಮದಂತೆ ಕೈ ಕುಲುಕಿದೆವು. ಸೂಜಿ ಚುಚ್ಚಿ ಚುಚ್ಚಿ ಅವನ ಬೆರಳ ತುದಿ ಒರಟಾಗಿತ್ತು.

ಆಟದಲ್ಲಿ ನನ್ನ ಕೈ ಮೇಲಾಯಿತು. ಇವತ್ತು ಇವನಿಗೆ ಮಣ್ಣು ಮುಕ್ಕಿಸುತ್ತೇನೆ ಅಂದುಕೊಂಡೆ. ಅವನ ರಾಜ ಮೂಲೆಗೆ ಬಿದ್ದಿದ್ದ, ಗಡಿಯಾರ ಓಡುತ್ತಿತ್ತು. ಅಣ್ಣ ಹಣೆ ಒರೆಸಿಕೊಂಡು ರಾಜನನ್ನೆತ್ತಿ, ಕುದುರೆಯ ಹಾಗೆ ಎರಡೂವರೆ ಮನೆ ಹಾರಿಸಿ ಇಟ್ಟ. ನಾನು ನನ್ನ ಮುಂದಿನ ನಡೆ ಯೋಚಿಸತೊಡಗಿದೆ.

ತೀರ್ಪುಗಾರರು ಬಂದು ಬಗ್ಗಿ ನೋಡಿದರು. "ಏನ್ರೀ ಇದು, ರಾಜ ಹೀಗೆ ಹಾರ್ತಾನಾ? ನೀವಾದ್ರೂ ಹೇಳ್ಬಾರ್ದಾ?" ಎಂದು ನನ್ನನ್ನೇ ಗದರಿದರು.

ಆಟಕ್ಕೊಂದು ಸಲ ರಾಜ ಕುದುರೆಯಂತೆ ಜಿಗಿಯಬಹುದು ಎಂಬುದು ನಮಗೆ ಆಟ ಕಲಿಸಿದ ಅಪ್ಪನ ಕಟ್ಟಳೆ. "ಎಂಥವನಿಗೂ ಒಂದ್ಸಲ ತಪ್ಪಿಸ್ಕೊಳ್ಳೋಕೆ ದಾರಿ ಬಿಡ್ಬೇಕು ಕಣ್ರೋ" ಅನ್ನುತ್ತಿದ್ದರು. ಕ್ಲಬ್ಬುಗಳಲ್ಲಿ ಆಡಿ ಆಡಿ ಇಬ್ಬರೂ ಅದನ್ನು ಬಿಟ್ಟಿದ್ದೆವು. ಎದುರುಬದುರು ಕೂತಾಗ ಮಾತ್ರ ಇಬ್ಬರಿಗೂ ಅದು ಸರಿಯೆಂದೇ ಕಂಡಿತು.

ತೀರ್ಪುಗಾರರು ನಡೆ ಹಿಂದೆಗೆಸಿದರು, ರಾಜ ಮತ್ತೆ ಮೂಲೆಗೆ ಬಂದ.

"ಡ್ರಾ ಮಾಡ್ಕೊಳ್ಳೋಣ, ಅಣ್ಣಾ."

"ಬೇಡ. ಆಡು."

ಆಡಿದೆ, ಗೆದ್ದೆ. ಅವನು ರಾಜನನ್ನು ಮಲಗಿಸಿ ಎದ್ದುಹೋದ. ನಾನು ಹಿಂದೆಯೇ ಹೋದೆ. ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತಿದ್ದವನನ್ನು ಕೊನೆಗೂ ಕೇಳಿಯೇಬಿಟ್ಟೆ.

"ಅಪ್ಪ ನನ್ನ ಕೇಳಿದ್ರಾ?"

ಅಣ್ಣ ತಲೆ ಎತ್ತಲಿಲ್ಲ. "ಬಾಗಿಲು ಸದ್ದಾದ್ರೆ ಸಾಕು, ಚಿಕ್ಕೋನು ಬಂದ್ನಾ ಅಂತಿದ್ರು. ತೊಳೆದು ಬಳಿದು ಮಾಡ್ದೋನು ನಾನು, ಕೇಳ್ತಿದ್ದಿದ್ದು ನಿನ್ನ. ಹೊಟ್ಟೆ ಉರೀತಿತ್ತು. ಅದಕ್ಕೇ ನಿನಗೆ ತಿಳಿಸ್ಲಿಲ್ಲ. ತಪ್ಪಾಯ್ತು ಕಣೋ."

ಅಪ್ಪ ಬಾಗಿಲು ನೋಡುತ್ತ ಮಲಗಿದ್ದರೆಂದು ನೆನೆದು ಸಂಕಟವಾಯಿತು. ಅಣ್ಣ ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡಿದು ನಿಂತೇ ಇದ್ದ. ಹೋಗಲಿ ಬಿಡು ಅಂದಿದ್ದರೆ ಸಾಕಿತ್ತು. ನನಗೆ ಅನ್ನಲಾಗಲಿಲ್ಲ. ಅವನು ಸೈಕಲ್ ತಳ್ಳಿಕೊಂಡು ಹೊರಟುಹೋದ.