ಇಲ್ಲದ ತಿರುವು

ಮೂರು ದಿನದಲ್ಲಿ ಮೂರನೆಯ ಸಲ ಎಸ್‌ಐ ಆ ರಸ್ತೆಯ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಹುಡುಕುತ್ತಿದ್ದದ್ದು ಒಂದು ತಿರುವನ್ನು. ರಸ್ತೆಯೋ, ಗೆರೆ ಎಳೆದ ಹಾಗೆ ಹೋಗಿ ಆಕಾಶಕ್ಕೆ ತಾಕಿತ್ತು. ಎರಡೂ ಕಡೆ ಕೊಯ್ಲು ಮುಗಿದ ಬಯಲು, ಒಂದು ಪಂಕ್ಚರ್ ಅಂಗಡಿ. ಮರೆ ಎನ್ನುವುದಕ್ಕೆ ಒಂದು ಪೊದೆಯೂ ಇರಲಿಲ್ಲ.

ವಿಷಯ ಇಷ್ಟೆ. ಹೋದ ವಾರ ಮಟಮಟ ಮಧ್ಯಾಹ್ನ ಎಸ್‌ಐಯ ಮೇಲಧಿಕಾರಿ ಸಾಹೇಬರು ಇಲಾಖೆಯ ಜೀಪನ್ನು ತಾವೇ ಓಡಿಸಿಕೊಂಡು ಬಂದು, ಸೈಕಲ್ಲಿನಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್‌ಗೆ ಹಿಂದಿನಿಂದ ಗುದ್ದಿದ್ದರು. ಅವನ ಎರಡೂ ಕಾಲು ಮುರಿದಿದ್ದವು. ಸ್ಥಳದ ನಕ್ಷೆ ಬರೆಯುವ ಕೆಲಸ ಎಸ್‌ಐ ಪಾಲಿಗೆ ಬಂತು. ನಕ್ಷೆಯಲ್ಲೊಂದು ಕುರುಡು ತಿರುವಿದ್ದರೆ ತಪ್ಪು ರಸ್ತೆಯದ್ದು, ಇಲ್ಲದಿದ್ದರೆ ಸಾಹೇಬರದ್ದು. ಹೆಂಡತಿ ಮಗಳು ಇರುವ ಊರಿಗೆ ವರ್ಗ ಕೊಡಿ ಎಂದು ಎಸ್‌ಐ ಮೂರು ವರ್ಷದಿಂದ ಕೊಡುತ್ತಾ ಬಂದಿದ್ದ ಅರ್ಜಿಯೂ ಅದೇ ಸಾಹೇಬರ ಮೇಜಿನ ಮೇಲಿತ್ತು.

"ಅಲ್ಲೊಂದು ತಿರುವು ಇರಬೇಕಲ್ಲ ರೀ," ಎಂದಿದ್ದರು ಸಾಹೇಬರು, ಕನ್ನಡಕ ಒರೆಸುತ್ತಾ. "ಸರಿಯಾಗಿ ನೋಡಿ. ನಿಮ್ಮ ಅರ್ಜೀನೂ ನಾನು ಸರಿಯಾಗಿ ನೋಡ್ತೀನಿ."

"ತಿರುವಾ?" ಪಂಕ್ಚರ್ ಅಂಗಡಿಯವನು ಕೂತಲ್ಲಿಂದಲೇ ನಕ್ಕ. "ಇಲ್ಲಿ ನಿಂತ್ರೆ ನಾಳೆ ಬರೋ ಬಸ್ಸು ಇವತ್ತೇ ಕಾಣ್ಸುತ್ತೆ ಸಾರ್."

"ನಿನ್ನ ಯಾರು ಕೇಳಿದ್ರು?"

ಅಳತೆ ಟೇಪಿನ ತುದಿ ಹಿಡಿದಿದ್ದ ಹೆಡ್ ಕಾನ್‌ಸ್ಟೇಬಲ್, ಠಾಣೆಗೆಲ್ಲ ದೊಡ್ಡಪ್ಪ, ಕಣ್ಣು ಕಿರಿದು ಮಾಡಿದರು. "ಆ ಮೈಲಿಗಲ್ಲಿನ ಹತ್ರ ಒಂಚೂರು ಎಡಕ್ಕೆ ಎಳೆದ ಹಾಗಿದೆ ಸಾರ್."

"ಎಷ್ಟು?"

"ಒಂದು ಗೇಣು."

"ಗೇಣಲ್ಲಿ ಜೀಪು ಅಡಗುತ್ತೇನ್ರೀ?"

"ಜೀಪು ಅಡಗಲ್ಲ. ಸಾಹೇಬ್ರು ಬೇಕಾದ್ರೆ ಅಡಗ್ತಾರೆ."

ಎಸ್‌ಐಗೆ ನಗು ಬರಲಿಲ್ಲ. ಹಿಂದೆ ಕೆಲಸ ಮಾಡಿದ ಕಡೆಯೆಲ್ಲ ಗುಡ್ಡ, ಹತ್ತು ಹೆಜ್ಜೆಗೊಂದು ತಿರುವು. ಅಲ್ಲಿ ಮನುಷ್ಯ ತನ್ನಿಂದಲೇ ಸ್ವಲ್ಪ ಹೊತ್ತು ಮರೆಯಾಗಬಹುದಿತ್ತು. ಇಲ್ಲಿ ಎತ್ತ ತಿರುಗಿದರೂ ತಾನೇ ಎದುರು. ಬೆಳಿಗ್ಗೆ ಹೆಂಡತಿ ಫೋನಿನಲ್ಲಿ, "ಮಗಳ ಸ್ಕೂಲ್ ಅರ್ಜೀಲಿ ಅಪ್ಪನ ವಿಳಾಸ ಏನಂತ ಬರೀಲಿ?" ಎಂದು ಕೇಳಿದ್ದಳು. ಸಂಜೆ ಹೇಳುವುದಾಗಿ ಜಾರಿಕೊಂಡಿದ್ದರು.

ಠಾಣೆಯ ಜೀಪಿನ ಬಾನೆಟ್ ಮೇಲೆ ಹಾಳೆ ಹರಡಿ ಪೆನ್ಸಿಲಿನಿಂದ ರಸ್ತೆಯನ್ನು ಮೆಲ್ಲಗೆ ಬಾಗಿಸಿದರು. ತಲೆ ಎತ್ತಿ ನೋಡಿದರು. ಅಳಿಸಿದರು. ಮತ್ತೆ ಬಾಗಿಸಿದರು, ಮತ್ತೆ ಅಳಿಸಿದರು, ಹಾಳೆ ಹರಿಯಿತು. ಇನ್ನೊಂದು ಹಾಳೆ ತೆಗೆದು, ಸ್ಕೇಲನ್ನು ಗುದ್ದುವ ಹಾಗೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದರು. ಅದು ಧೈರ್ಯವೆಂದು ಯಾರೂ ತಿಳಿಯಬಾರದು, ಬರೀ ಸಿಟ್ಟು. ಇಷ್ಟು ದೊಡ್ಡ ಭೂಮಿ ಒಬ್ಬ ಬಡಪಾಯಿಗೆ ಒಂದು ಮರ ಕೊಡಬಾರದಿತ್ತೆ?

ನಕ್ಷೆಗೆ ಇನ್ನು ಇಬ್ಬರು ಸಾಕ್ಷಿಗಳ ಸಹಿ ಬೇಕಿತ್ತು.

"ನಂಗೇನೂ ಗೊತ್ತಿಲ್ಲ ಸಾರ್," ಎಂದ ಪಂಕ್ಚರಿನವನು. "ಆ ಹೊತ್ತಲ್ಲಿ ಟ್ಯೂಬು ನೀರಿಗದ್ದಿ ತಲೆ ಬಗ್ಗಿಸಿದ್ದೆ."

"ಗುದ್ದಿದ್ದು ಬೇಡ ಮಾರಾಯ. ರಸ್ತೆ ನೇರ ಇದೆ ಅಂತ ಸಹಿ ಹಾಕು, ಸಾಕು."

"ನೇರ ಅನ್ನೋಕೆ ನಾನೇನು ಇಂಜಿನಿಯರಾ?" ಬಾಗಿಲು ಎಳೆದುಕೊಂಡ.

ಎಸ್‌ಐ ರಸ್ತೆಗಿಳಿದು ಕೈ ಎತ್ತಿದರು. ದೂರದಲ್ಲಿ ಚುಕ್ಕೆಯಾಗಿ ಕಂಡ ಬೈಕು ಖಾಕಿಯನ್ನು ಒಂದು ಮೈಲಿಯಿಂದಲೇ ಗುರುತಿಸಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿತು.

"ಹೆಲ್ಮೆಟ್ ಇಲ್ಲ ಅನ್ಸುತ್ತೆ," ಎಂದರು ದೊಡ್ಡಪ್ಪ.

ಹಿಂದೆಯೇ ಬಂದ ಸಾಮಾನಿನ ಆಟೋ ಸೀದಾ ಹೊಲಕ್ಕಿಳಿಯಿತು.

ಜೇಬಿನಲ್ಲಿ ಫೋನು. ಸಾಹೇಬರು. "ಸಿಕ್ತೇನ್ರೀ?"

"ರಸ್ತೆ ನೇರ ಇದೆ ಸಾರ್. ಹಾಗೇ ಬರೆದಿದ್ದೀನಿ."

ಆ ಕಡೆ ಕಾಗದ ಮಗುಚುವ ಸದ್ದು. "ನಿಮ್ಮ ಅರ್ಜಿ ಯಾಕೋ ಕಾಣ್ತಿಲ್ಲ ರೀ. ಇಲ್ಲೇ ಇತ್ತಪ್ಪ." ಫೋನು ಕಟ್ಟಾಯಿತು.

ಅಷ್ಟರಲ್ಲಿ ಮೂರನೆಯ ಚುಕ್ಕೆ ಮೂಡಿತು. ಎಸ್‌ಐ ಟೋಪಿ ತೆಗೆದರು, ಖಾಕಿ ಅಂಗಿಯ ಗುಂಡಿ ಬಿಚ್ಚಿದರು, ಅದನ್ನು ಜೀಪಿನೊಳಗೆಸೆದು ಬನಿಯನ್ನಿನಲ್ಲೇ ರಸ್ತೆ ನಡುವೆ ನಿಂತು ಕೈ ಎತ್ತಿದರು.

"ಸಾರ್!"

"ನೀವೂ ಬಿಚ್ಚಿ ದೊಡ್ಡಪ್ಪ. ಬೇಗ."