ಎದ್ದು ನಿಂತವರ ಲೆಕ್ಕ

ಮಂಡಲ ಪಂಚಾಯತಿಗಳು ಹೊಸದಾಗಿ ಬಂದ ಕಾಲ. ಮೀಟಿಂಗಿನಲ್ಲಿ ಲಗಮವ್ವನಿಗೂ ಒಂದು ಕುರ್ಚಿ ಇತ್ತು. ಅದರ ಮೇಲೆ ಅವಳ ಭಾವ ಮಲಕಾರಿಯ ಕಂಬಳಿ ಕೂತಿರುತ್ತಿತ್ತು. ಮಲಕಾರಿ ಮೆಂಬರನಲ್ಲ, ಆದರೂ ಪ್ರತಿ ಸಲ ಬಂದು ಪಕ್ಕದ ಕುರ್ಚಿ ಹಿಡಿಯುತ್ತಿದ್ದ. ಸತ್ತ ತಮ್ಮನ ಹೆಂಡತಿಯನ್ನು ಹೆಂಗಸರ ಸೀಟಿಗೆ ನಿಲ್ಲಿಸಿ ಗೆಲ್ಲಿಸಿದವನು ಅವನೇ. ಭಾವನ ಎದುರು ಅವರ ಮನೆಯ ಸೊಸೆಯರು ಕೂರುವುದಿಲ್ಲ, ಮಾತಾಡುವುದಿಲ್ಲ. ಲಗಮವ್ವ ಸೆರಗು ಎಳೆದುಕೊಂಡು ಬಾಗಿಲ ಪಕ್ಕ ನಿಂತಿರುತ್ತಿದ್ದಳು.

ಅವತ್ತಿನ ವಿಷಯ ಕೊಂಡವಾಡ. ಬೆಳೆಗೆ ನುಗ್ಗಿದ ದನಗಳನ್ನು ಕೂಡಿಹಾಕುವ ಆ ಕಲ್ಲಿನ ಖೋಲಿ ಶಾಲೆಯ ಗೋಡೆಗೆ ಅಂಟಿಕೊಂಡೇ ಇತ್ತು. ಪಂಚಾಯತಿ ಅದನ್ನು ಬಿಟ್ಟುಕೊಟ್ಟರೆ ಊರಿಗೆ ಎಂಟನೇ ಇಯತ್ತೆ ಬರುತ್ತದೆ ಎಂದು ಹೆಡ್‌ಮಾಸ್ತರರು ಕೇಳಿದ್ದರು. ಏಳನೇ ಮುಗಿಸಿದ ಹುಡುಗರು ಸೈಕಲ್ ತುಳಿದು ಕುಡಚಿಗೆ ಹೋಗುತ್ತಿದ್ದರು. ಹುಡುಗಿಯರು ಕಬ್ಬಿನ ಕಳೆಗೆ. ಲಗಮವ್ವನ ಮಗಳು ಹೊಳೆವ್ವ ಈ ಸಲ ಏಳನೇ ಮುಗಿಸಿದ್ದಳು.

ಆದರೆ ಪ್ರತಿ ವರ್ಷ ಹರಾಜು ಕೂಗಿ ಕೊಂಡವಾಡದ ಲಿಲಾವು ಹಿಡಿಯುತ್ತಿದ್ದವನು ಮಲಕಾರಿ. ಯಾರ ದನ ಒಳಗೆ, ಯಾರದು ಹೊರಗೆ ಎಂಬುದು ಅವನ ಮರ್ಜಿಯಲ್ಲಿತ್ತು.

"ಕೊಂಡವಾಡ ಮಲಕಾರಿ ಕಡೇನ ಇರ್ಲಿ ಅನ್ನಾವ್ರು ಎದ್ದ ನಿಂದರ್ರಿ," ಎಂದ ಪ್ರಧಾನ ಆಬಾಸಾಹೇಬ.

ಅರ್ಧ ಮಂದಿ ಎದ್ದರು, ಅರ್ಧ ಮಂದಿ ಕೂತೇ ಇದ್ದರು. ಗುಮಾಸ್ತನ ಬೆರಳು ನಿಂತವರನ್ನು ಎಣಿಸುತ್ತ ಬಾಗಿಲಿಗೆ ಬಂದು ಲಗಮವ್ವನನ್ನೂ ಸೇರಿಸಿಕೊಂಡಿತು.

"ನಮ್ಮ ಲಗಮವ್ವ ಕೈ ಬಿಡಾಕಿ ಅಲ್ಲ," ಆಬಾಸಾಹೇಬ ನಕ್ಕ. "ಒಂದ ಠರಾವಿಗೂ ಕುಂತಿಲ್ಲ ನೋಡ್ರಿ."

ಆಗ ಅವಳಿಗೆ ತಿಳಿಯಿತು. ಪ್ರಧಾನನ ಗಲ್ಲಿಗೆ ಹೋದ ನಳ, ಅವನ ತೋಟದ ದಾರಿಗೆ ಬಿದ್ದ ಖಡಿಕಲ್ಲು, ಎಲ್ಲವೂ ಅವಳ ಕಾಲುಗಳ ಮೇಲೆ ಪಾಸಾಗಿದ್ದವು. ಅವಳು ಬರೀ ನಿಂತಿದ್ದಳು.

ಬೇಡ ಎನ್ನಲು ಬಾಯಿ ತೆರೆಯುವಂತಿರಲಿಲ್ಲ. ಹೊರಗೆ ನಡೆದರೆ ಎರಡೂ ಕಡೆ ಸಮಸಮ; ಆಗ ನಡೆಯುವುದು ಪ್ರಧಾನನ ಮಾತೇ, ಅವನು ಮಲಕಾರಿಯ ಕಡೆ. ಲಗಮವ್ವ ಕುರ್ಚಿಯ ಹತ್ತಿರ ಹೋದಳು. ಕಂಬಳಿಯನ್ನು ಎತ್ತಿ, ಮಡಚಿ, ಮೇಜಿನ ಮೇಲಿಟ್ಟಳು. ಕೂತಳು.

"ಕಾಲ ನೊಂದಾವೇನ್ ಬೇ?" ಆಬಾಸಾಹೇಬ ಕೇಳಿದ.

ಕೂತವರ ಸಾಲಿನಲ್ಲಿದ್ದ ಇನ್ನೊಬ್ಬ ಹೆಣ್ಣು ಮೆಂಬರು ಚನ್ನವ್ವ ಗುಮಾಸ್ತನ ಕಡೆ ತಿರುಗಿದಳು. "ಮತ್ತೊಮ್ಮೆ ಎಣಸ್ರಿ."

ಅವನು ಎಣಿಸಬೇಕಾಯಿತು. ಕೊಂಡವಾಡ ಶಾಲೆಗೆ ಹೋಯಿತು.

ಸಂಜೆ ಮಲಕಾರಿ ಅಡುಗೆಮನೆಯ ಬಾಗಿಲಿಗೆ ಬಂದ. ದನಿ ಎತ್ತಲಿಲ್ಲ. "ಊರ ಹುಡುಗ್ಯಾರಿಗಿ ಖೋಲಿ ಆತು. ಛಲೋ ಆತು. ನಮ್ಮ ಹುಡುಗಿ ನಾಳಿಂದ ಕುರಿ ಹಿಂದ."

ಮನೆ ಅವನದು, ಕುರಿ ಅವನವು. ಇಲ್ಲಿ ಎಣಿಸಲು ಗುಮಾಸ್ತನಿರಲಿಲ್ಲ.

ದೊಡ್ಡಪ್ಪನ ನೆರಳು ಕಂಡೊಡನೆ ಉಣ್ಣಲು ಕೂತಿದ್ದ ಹೊಳೆವ್ವ ಎದ್ದು ನಿಂತಿದ್ದಳು, ಕೈಯಲ್ಲಿ ರೊಟ್ಟಿಯ ಚೂರು. ಲಗಮವ್ವ ಏಳಲಿಲ್ಲ. ಮಗಳು ಉಟ್ಟ ಪರಕಾರದ ಅಂಚು ಹಿಡಿದು ಕೆಳಗೆ ಜಗ್ಗಿದಳು.

"ಯವ್ವಾ, ದೊಡ್ಡಪ್ಪ ನಿಂತಾನ," ಹೊಳೆವ್ವ ಪಿಸುಗುಟ್ಟಿದಳು.

"ನಿಂದರ್ಲಿ," ಲಗಮವ್ವ ಭಾವನಿಗೆ ಕೇಳುವಂತೆಯೇ ಅಂದಳು. "ನೀ ಕುಂದರ."

ಹೊಳೆವ್ವನ ಮೊಣಕಾಲುಗಳು ಅರ್ಧ ಮಡಚಿ ಅಲ್ಲೇ ನಿಂತವು. ಮಲಕಾರಿ ಬಾಗಿಲು ಬಿಟ್ಟು ಕದಲಲಿಲ್ಲ. ಲಗಮವ್ವ ಪರಕಾರ ಬಿಡಲಿಲ್ಲ.